ಒಂದೇ ತೊಟ್ಟಿ, ಎರಡು ನೀರು

ತೊಟ್ಟಿಗೆ ಐಸು ತುಂಬುವುದು ಹೊಸಬರ ಕೆಲಸ. ಇನ್ನೊಬ್ಬಳು ಹೊಸಬಳು ಬಂದ ದಿನ ಹಿಂದಿನವಳು ಬಕೆಟ್ ಕೆಳಗಿಡಬೇಕು. ತಂಡದ ಕಟ್ಟಳೆ ಅದು. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಕಟ್ಟಳೆಯ ಪ್ರಕಾರ ನಮ್ಮ ಕಥೆಯವಳು ಒಂದು ವರ್ಷ ಬಕೆಟ್ ಹೊರಬೇಕಿತ್ತು. ಹೊತ್ತದ್ದು ಒಂಬತ್ತು ವರ್ಷ.

ಹೊಸಬರು ಬರಲಿಲ್ಲವೇ? ವರ್ಷವರ್ಷವೂ ಬಂದರು. ಈಗ ಕ್ಯಾಪ್ಟನ್ ಆಗಿ ಮೆರೆಯುತ್ತಿರುವವಳೇ ಇವಳ ಮರುವರ್ಷ ಬಂದವಳು. ಅವಳು ಮೊಣಕಾಲಿಗೆ ಡಾಕ್ಟರ ಚೀಟಿ ತಂದಳು. ಆಮೇಲೆ ಸ್ವತಃ ಡಾಕ್ಟರ ಮಗಳೇ ಬಂದಳು, ಅವಳಿಗೆ ಬೆನ್ನುನೋವು. ಇನ್ನೊಬ್ಬಳಿಗೆ ಪರೀಕ್ಷೆ. ಮತ್ತೊಬ್ಬಳ ಮಾವ ಆಡಳಿತ ಮಂಡಳಿಯಲ್ಲಿದ್ದ. ಅವಳಿಗೆ ಎಲ್ಲೂ ನೋವಿರಲಿಲ್ಲ, ಆದರೂ ಬಕೆಟ್ ಅವಳ ಕಡೆ ತಿರುಗಿಯೂ ನೋಡಲಿಲ್ಲ. "ಈ ವರ್ಷ ಒಂದು ನೀನೇ ನೋಡ್ಕೊ, ನಿಂಗೆ ಕೈ ಪಳಗಿದೆ" ಎಂದು ಇವಳಿಗೆ ಹೇಳಿದರು. ಮರುವರ್ಷವೂ ಅದೇ ಮಾತು. ಕೈ ಪಳಗಿದ್ದು ಹೇಗೆ ಎಂದು ಇವಳು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಇವಳು ಕೆಳಗಿನ ಓಣಿಯವಳು. ಊರಿನ ಚರಂಡಿಗಳೆಲ್ಲ ಹರಿದು ಬಂದು ಸೇರುವ ಓಣಿ. ಅವಳಮ್ಮ ಚರಂಡಿ ಬಾಚುವವಳು, ಅಮ್ಮನ ಅಮ್ಮನೂ ಅದನ್ನೇ ಬಾಚಿದವಳು. ಕೈ ಪಳಗಿದೆ ಎಂಬ ಮಾತಿಗೆ ಬೇರೆ ಅರ್ಥ ಹುಡುಕಬೇಕಾಗಿಲ್ಲ.

ತಂಡ ಅವಳನ್ನು ಬಕೆಟ್ ಎಂದೇ ಕರೆಯುತ್ತಿತ್ತು. ಮಿಕ್ಕವರು ಮ್ಯಾನೇಜರಿಗೆ ಬಕೆಟ್ ಹಿಡಿದು ಮೇಲೆ ಹೋದರು, ಇವಳು ನಿಜವಾದ ಬಕೆಟ್ ಹಿಡಿದು ಇದ್ದಲ್ಲೇ ಉಳಿದಳು. ಓಣಿಯ ಮಕ್ಕಳಿಗೆ ಅವಳು ಗೋಲಿ ಅಕ್ಕ, ಗೋಲು ಕಾಯುವವಳು ಎಂದು. ನಾವೂ ಗೋಲಿ ಎನ್ನೋಣ. ಮನುಷ್ಯರನ್ನು ಪಾತ್ರೆಯ ಹೆಸರಿನಿಂದ ಕರೆಯುವ ದೊಡ್ಡಸ್ತಿಕೆ ತಂಡಕ್ಕೇ ಇರಲಿ.

ಹೆಂಗಸರ ಫುಟ್‌ಬಾಲ್ ತಂಡ ಅದು. ಸಂಬಳಕ್ಕೆ ಆಡುವವರು, ಆಟವೇ ಹೊಟ್ಟೆಪಾಡು. ಆಡಿ ಬಂದ ಮೇಲೆ ಕಾಲು ಊದುತ್ತವೆ. ಊತ ಇಳಿಯಲಿ ಎಂದು ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಒಂದು ಸ್ಟೀಲ್ ತೊಟ್ಟಿ ಇಟ್ಟಿದ್ದರು. ಅದರ ತುಂಬ ಐಸುನೀರು. ಮೂವರು ಮೂವರಾಗಿ ಇಳಿದು ಸೊಂಟದವರೆಗೆ ಕೂರುತ್ತಾರೆ. ಹಿರಿಯರು ಮೊದಲು, ಕಿರಿಯರು ಕೊನೆಗೆ.

ಐಸು ಇರುವುದು ಕ್ರೀಡಾಂಗಣದ ಹಿಂಬದಿಯ ಕೋಣೆಯಲ್ಲಿ. ಗಡ್ಡೆಯನ್ನು ಕಬ್ಬಿಣದ ಸರಳಿನಿಂದ ಒಡೆಯಬೇಕು. ಚೂರುಗಳನ್ನು ಕೈಯಲ್ಲೇ ಬಾಚಿ ಬಕೆಟ್ಟಿಗೆ ತುಂಬಬೇಕು. ಮೆಟ್ಟಿಲಿಳಿದು, ಉದ್ದದ ಕಾರಿಡಾರ್ ದಾಟಿ ತೊಟ್ಟಿಗೆ ಸುರಿದು ಮತ್ತೆ ಓಡಬೇಕು. ಎಲ್ಲರೂ ಎದ್ದ ಮೇಲೆ, ತಾನು ಇಳಿಯದೆ, ಅದೇ ನೀರನ್ನು ಮೊಗೆದು ಹೊರಗೆ ಚೆಲ್ಲಬೇಕು, ತಳದಲ್ಲಿ ಕೂತ ಹುಲ್ಲು, ಕೂದಲು, ಮಣ್ಣು ಬಾಚಬೇಕು. ಮೊದಲ ವರ್ಷ ಅವಳು ಗೋಲು ಕಾಯುವ ಗ್ಲೌಸನ್ನೇ ಹಾಕಿಕೊಂಡು ಐಸು ಎತ್ತಿದ್ದಳು. ಉಗ್ರಾಣದವನು ಮೈಮೇಲೆ ಬಂದ. "ಗ್ಲೌಸು ಹಾಳಾಗಲ್ವೇನೇ? ತಂಡದ ಆಸ್ತಿ ಅದು" ಎಂದ. ಕೈ ತಂಡದ ಆಸ್ತಿ ಆಗಿರಲಿಲ್ಲ. ಮೂರನೇ ವರ್ಷದ ಹೊತ್ತಿಗೆ ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗತೊಡಗಿದವು. ಚೆಂಡು ಕೈಗೆ ಬಂದದ್ದು ಗೊತ್ತಾಗುವಷ್ಟರಲ್ಲಿ ಜಾರಿ ಬಲೆಯೊಳಗಿರುತ್ತಿತ್ತು. ಗೋಲಿಗೆ ಕೈಯೇ ಅನ್ನ. ಮೊದಲ ಗೋಲಿಯಾಗಬೇಕಾಗಿದ್ದವಳು ಎರಡನೆಯವಳಾದಳು, ಮೈದಾನದ ಅಂಚಿನ ಬೆಂಚಿಗೆ ಬಂದಳು. "ನಿಂಗೆ ಗಮನ ಸಾಲ್ದು" ಎಂದರು ಕೋಚ್. ಇರಬಹುದು ಎಂದುಕೊಂಡಳು. ಅಷ್ಟು ದಣಿದಿದ್ದಳು.

ಒಂಬತ್ತನೇ ವರ್ಷದ ಹೊಸಬಳು ಕೆಳಗಿನ ಓಣಿಯಿಂದಲೇ ಬಂದಳು. ಎಲ್ಲರೂ ಮಿಡತೆ ಎನ್ನುತ್ತಿದ್ದ ಹುಡುಗಿ. ಕಡ್ಡಿಯಂಥ ಕಾಲು, ಆದರೆ ಚೆಂಡು ಸಿಕ್ಕರೆ ಹಿಡಿಯುವವರಿಲ್ಲ. ಗೋಡೆಗೆ ಚೆಂಡು ಒದೆಯುವುದನ್ನು ಅವಳಿಗೆ ಕಲಿಸಿದ್ದೇ ಗೋಲಿ.

"ಬಕೆಟ್, ನಿನ್ನ ಕಷ್ಟ ಮುಗೀತು ನೋಡು" ಎಂದಳು ಕ್ಯಾಪ್ಟನ್. ಗೋಡೆಗೆ ಒರಗಿ ಕೂತಿದ್ದಳು. ಗೋಡೆಬದಿಯ ಆ ಬೆಂಚು ಹಿರಿಯರದ್ದು. ಒರಗಲು ಗೋಡೆ, ಬಟ್ಟೆಗೆ ಗೂಟ. ಮಿಕ್ಕವರು ನಡುವಿನ ಹಲಗೆಯ ಮೇಲೆ ಬೆನ್ನು ಬಗ್ಗಿಸಿ ಕೂರಬೇಕು. ಗೋಲಿ ಅಲ್ಲೂ ಕೂತದ್ದು ಕಡಿಮೆ. "ಹೊಸ ಹುಡುಗಿ ನಿಮ್ಮ ಓಣಿಯವಳೇ ಅಂತೆ?"

"ಹೌದು ಅಕ್ಕ." ಕ್ಯಾಪ್ಟನ್ ಇವಳಿಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಅಕ್ಕ ಎನ್ನಬೇಕು.

"ಒಳ್ಳೇದೇ ಆಯ್ತು ಬಿಡು. ಬಕೆಟ್ ಅವಳಿಗೆ ಕೊಡು. ಶನಿವಾರ ಆಟ ಮುಗಿದ್ಮೇಲೆ ತೊಟ್ಟಿ ಶಾಸ್ತ್ರ ಮುಗಿಸಿಬಿಡೋಣ. ಭುಜ ಹಿಡಿಯೋಳು ನೀನೇ."

ತೊಟ್ಟಿ ಶಾಸ್ತ್ರ ಎಂದರೆ ಇಷ್ಟು. ಎಲ್ಲರೂ ಕೂತೆದ್ದ ನೀರಿನಲ್ಲಿ ಹೊಸಬಳು ಕುತ್ತಿಗೆಯವರೆಗೆ ಮುಳುಗಿ ಕೂರಬೇಕು. ಬಕೆಟ್ ಒಪ್ಪಿಸುವವಳು ಹಿಂದೆ ನಿಂತು ಅವಳ ಭುಜ ಅದುಮಿ ಹಿಡಿಯಬೇಕು. ತಂಡದ ಅತಿ ಹಿರಿಯಳು "ಏಳು" ಎನ್ನುವವರೆಗೆ ಏಳುವಂತಿಲ್ಲ. ಹಿರಿಯರಿಗೆ ಮರ್ಯಾದೆ ಕೊಡುವುದನ್ನು ಮೈಗೆ ಕಲಿಸುವುದು ಹೀಗಂತೆ.

"ಇನ್ನೊಂದು ವಿಷಯ" ಎಂದಳು ಕ್ಯಾಪ್ಟನ್, ದನಿ ತಗ್ಗಿಸಿ. "ಈ ವರ್ಷಕ್ಕೆ ನಿನ್ನ ಆಟ ಮುಗಿಯುತ್ತೆ, ನಿಂಗೂ ಗೊತ್ತು. ಚಿಕ್ಕ ಗೋಲಿಗಳಿಗೆ ಕಲಿಸೋ ಜಾಗ ಒಂದು ಖಾಲಿ ಇದೆ. ಮ್ಯಾನೇಜರ್ ಕಿವಿಗೆ ಹಾಕಿದೀನಿ. ಎಲ್ಲಾ ಸರಿಯಾಗಿ ನಡೆದ್ರೆ ಅದು ನಿಂಗೇ."

ಗೋಲಿಗೆ ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು? ಎದೆ ಹಗುರಾಯಿತು. ಆಟ ಮುಗಿದರೆ ಅವಳಿಗೆ ಉಳಿದಿದ್ದದ್ದು ಅಮ್ಮನ ಸಲಿಕೆಯೊಂದೇ. ಈಗ ಸೀಟಿ ಕೊರಳಿಗೆ ಹಾಕಿಕೊಂಡು ಮೈದಾನದಲ್ಲೇ ನಿಲ್ಲಬಹುದು. ಗೋಡೆಗೆ ಒರಗಿ ಕೂರಬಹುದು. ಆ ದಿನ ಬಕೆಟ್ ಹೊರುವಾಗಲೂ ಭಾರವೆನಿಸಲಿಲ್ಲ.

ಮನೆಗೆ ಬಂದಾಗ ಅಮ್ಮ ಹೊಸ್ತಿಲ ಮೇಲೆ ಕೂತು ಬಿರುಕು ಬಿಟ್ಟ ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಗೋಲಿ ವಿಷಯ ಹೇಳಿದಳು.

"ಕೆಲಸ ಖಾಯಂ ಆಗುತ್ತಾ?" ಎಂದಳು ಅಮ್ಮ. ಅಮ್ಮನಿಗೆ ಮೊದಲು ಹೊಟ್ಟೆ, ಆಮೇಲೆ ಮಿಕ್ಕದ್ದು.

"ಆಗುತ್ತಂತೆ. ಆದ್ರೆ ಮಿಡತೆ ಭುಜ ನಾನೇ ಹಿಡೀಬೇಕು."

ಅಮ್ಮ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಾನು ಕೆಲಸಕ್ಕೆ ಸೇರಿದಾಗ್ಲೂ ಹೀಗೇ. ಗುಂಡಿಗೆ ಹೊಸಬರನ್ನೇ ಮೊದಲು ಇಳಿಸೋರು. ಅಭ್ಯಾಸ ಆಗ್ಲಿ ಅಂತ."

"ನಿಂಗೆ ಅಭ್ಯಾಸ ಆಯ್ತಾ?"

"ಆಯ್ತು" ಎಂದಳು ಅಮ್ಮ. "ಅಲ್ಲೇ ನೋಡು ನಾನು ಕೆಟ್ಟಿದ್ದು. ಆಮೇಲೆ ಯಾರು ಹೊಸಬರು ಬಂದ್ರೂ ನನ್ನನ್ನೇ ಇಳಿಸಿದ್ರು."

ಅಷ್ಟರಲ್ಲಿ ಮಿಡತೆಯೇ ಬಂದಳು. ತಂಡದ ಹೊಸ ಅಂಗಿ ಹಾಕಿಕೊಂಡೇ ಓಣಿಯೆಲ್ಲ ಸುತ್ತಿ ಬಂದಿದ್ದಳು, ಮದುವಣಗಿತ್ತಿಯ ಹಾಗೆ ಮುಖವೆಲ್ಲ ನಗು. "ಅಕ್ಕಾ, ಶನಿವಾರ ನಂದು ತೊಟ್ಟಿ ಶಾಸ್ತ್ರ ಅಂತೆ! ಡಾಕ್ಟರ ಮಗಳು ಹೇಳಿದ್ಲು. ಒಂದು ನಿಮಿಷನೂ ಆಗಲ್ವಂತೆ. ಫೋಟೋ ತೆಗೀತಾರಂತೆ. ಎದ್ದ ತಕ್ಷಣ ದೊಡ್ಡ ಟವೆಲ್ ಹೊದಿಸ್ತಾರಂತೆ. ಅವಳು ನಗ್ತಾ ನಗ್ತಾ ಇಳಿದ್ಲಂತೆ. ನಿಜಾನಾ?"

"ನಿಜ" ಎಂದಳು ಗೋಲಿ.

ಡಾಕ್ಟರ ಮಗಳ ಮಟ್ಟಿಗೆ ಅದು ನಿಜವೇ. ಆ ದಿನ ಕೊಳೆನೀರು ಚೆಲ್ಲಿ ಹೊಸ ನೀರು ತುಂಬಲು ಹೇಳಿದ್ದರು. ಐಸು ಕಾಟಾಚಾರಕ್ಕೆ ಎರಡು ಬಕೆಟ್. ತುಂಬಿದವಳು ಗೋಲಿಯೇ. ಡಾಕ್ಟರ ಮಗಳು ಮುಳುಗಿದ್ದು ಸೊಂಟದವರೆಗೆ. ಕ್ಯಾಪ್ಟನ್ "ಏಳಮ್ಮ ಏಳು, ನೆಗಡಿಯಾದೀತು" ಎಂದಿದ್ದಳು. ಇನ್ನೊಂದು ವರ್ಷ ಇಟ್ಟಿಗೆ ಗೂಡಿನಿಂದ ಹೊಸಬಳಾಗಿ ಬಂದ ಹುಡುಗಿಗೆ ಹಾಗಾಗಲಿಲ್ಲ. ಚಿಂದಿ ಆಯುವವನ ಮಗಳಿಗೂ ಆಗಲಿಲ್ಲ. ಅವರಿಗೆ ಎಲ್ಲರ ಬೆವರು, ಮಣ್ಣು, ರಕ್ತ ಕಲೆತ ಬೂದು ನೀರು, ಮೇಲೆ ಇನ್ನಷ್ಟು ಐಸು. ಆ ಐಸನ್ನು ತಂದು ಸುರಿದವಳೂ ಗೋಲಿಯೇ. ಇಬ್ಬರೂ ವರ್ಷ ತುಂಬುವ ಮೊದಲೇ ಆಟ ಬಿಟ್ಟು ಹೋದರು, ಬಕೆಟ್ ಮತ್ತೆ ಗೋಲಿಯ ಕೈಗೇ ಬಂತು. ಒಂದೇ ತೊಟ್ಟಿ, ಒಂದೇ ಶಾಸ್ತ್ರ, ಎರಡು ನೀರು. ಯಾರಿಗೆ ಯಾವ ನೀರು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೋಲಿಯದ್ದೇ ಸರದಿ ಬಂದ ದಿನ ಅಂದಿನ ಕ್ಯಾಪ್ಟನ್ ಫೋನು ಬಂತೆಂದು ಹೊರಗೆ ಹೋದವಳು ಹಾಗೇ ಊಟಕ್ಕೆ ಹೋಗಿಬಿಟ್ಟಿದ್ದಳು. ಭುಜ ಹಿಡಿದವಳು, ಅಪ್ಪಣೆಯಾಗಿಲ್ಲವೆಂದು ಬಿಡಲಿಲ್ಲ. ಗೋಲಿಗೆ ದವಡೆ ಕಚ್ಚಿಕೊಂಡು ಮಾತು ನಿಂತಿತು. ಕೊನೆಗೆ ಮಾಲೀಶಿನ ಹೆಂಗಸು ಒಳಗೆ ಬಂದು ಕಿರುಚಿಕೊಂಡಳು. "ಅಯ್ಯೋ, ಮರ್ತೇಬಿಟ್ಟೆ ಕಣೇ" ಎಂದು ಮರುದಿನ ಕ್ಯಾಪ್ಟನ್ ನಕ್ಕಳು. ಎಲ್ಲರೂ ನಕ್ಕರು. ಗೋಲಿಯೂ ನಕ್ಕಳು. ನಗದಿದ್ದರೆ ಜಂಬ ಎನ್ನುತ್ತಾರೆ.

ಇದ್ಯಾವುದನ್ನೂ ಅವಳು ಮಿಡತೆಗೆ ಹೇಳಲಿಲ್ಲ. ಹೇಳಿದರೆ ಹುಡುಗಿ ಹೆದರಿ ಬಿಟ್ಟರೆ? ಬಿಟ್ಟರೆ ಸೀಟಿ ಯಾರ ಕೊರಳಿಗೆ? ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಆದರೂ ಹೇಳಲಿಲ್ಲ.

ಶನಿವಾರ ತಂಡ ಗೆದ್ದಿತು. ಮಿಡತೆ ಮೂಲೆಯಿಂದ ಓಡಿ ಬಂದು ಕೊಟ್ಟ ಚೆಂಡನ್ನೇ ಕ್ಯಾಪ್ಟನ್ ಬಲೆಯೊಳಗೆ ತಳ್ಳಿದಳು. ಜನ ಕ್ಯಾಪ್ಟನ್ ಹೆಸರು ಕೂಗಿದರು. ಗೋಲಿ ಕೊನೆಯ ಹತ್ತು ನಿಮಿಷದ ಮೊದಲೇ ಬೆಂಚಿನಿಂದ ಎದ್ದು ಐಸು ಒಡೆಯಲು ಹೋದಳು. ಗೆದ್ದ ಕೂಗು ಅವಳಿಗೆ ಐಸು ಕೋಣೆಯಲ್ಲಿ ಕೇಳಿಸಿತು.

ಹಿರಿಯರು ಇಳಿದರು, ಕೂತರು, ಎದ್ದರು. ಆಮೇಲೆ ಮಿಕ್ಕವರು. ಯಾರದೋ ಮೊಣಕಾಲಿನ ಗಾಯದ ರಕ್ತ ನೀರಿನಲ್ಲಿ ಎಳೆಯಾಗಿ ತೇಲಿತು. "ಇನ್ನೆರಡು ಬಕೆಟ್ ಹಾಕು" ಎಂದಳು ಕ್ಯಾಪ್ಟನ್. ಗೋಲಿ ತಂದು ಹಾಕಿದಳು.

ಮಿಡತೆ ನಗುತ್ತಲೇ ಇಳಿದಳು. ಫೋಟೋ ಯಾರು ತೆಗೆಯುತ್ತಾರೆ ಎಂದು ಸುತ್ತ ನೋಡಿದಳು. ಯಾರ ಕೈಯಲ್ಲೂ ಫೋನಿರಲಿಲ್ಲ. ಕುತ್ತಿಗೆಯವರೆಗೆ ನೀರು ಬಂದಾಗ "ಅಮ್ಮಾ" ಎಂದಳು, ಮತ್ತೆ ನಕ್ಕಳು. ಗೋಲಿ ಹಿಂದೆ ನಿಂತು ಭುಜಗಳ ಮೇಲೆ ಕೈಯಿಟ್ಟಳು.

"ನಾನು ಸ್ನಾನ ಮುಗಿಸ್ಕೊಂಡು ಬರ್ತೀನಿ" ಎಂದಳು ಕ್ಯಾಪ್ಟನ್. ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿನ ಕಡೆ ನಡೆದಳು. ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು, ಇನ್ನೊಬ್ಬಳು ಸಾಕ್ಸು ಹುಡುಕುತ್ತಿದ್ದಳು. ಮದುವೆ ಮನೆಯಲ್ಲಿ ಪಾತ್ರೆ ತಿಕ್ಕುವವಳನ್ನು ನೋಡುವಷ್ಟು ಕೂಡ ಯಾರೂ ತೊಟ್ಟಿಯ ಕಡೆ ನೋಡಲಿಲ್ಲ.

ಮಿಡತೆಯ ಹಲ್ಲು ಕಟಕಟ ಎನ್ನತೊಡಗಿತು. "ಅಕ್ಕಾ, ಸಾಕಲ್ವಾ?" ಎಂದಳು. ಸ್ವಲ್ಪ ಹೊತ್ತಿಗೆ, "ಅಕ್ಕಾ, ಕಾಲು ಗೊತ್ತಾಗ್ತಿಲ್ಲ" ಎಂದಳು. ಬಚ್ಚಲಿನಿಂದ ಹಾಡು ಕೇಳುತ್ತಿತ್ತು. ಮಿಡತೆ ಏಳಲು ನೋಡಿದಳು. ಗೋಲಿಯ ಕೈಗಳು ಅವಳನ್ನು ಕೆಳಗೆ ಅದುಮಿದವು.

ಅದುಮಬೇಕು ಎಂದು ಅವಳು ಯೋಚಿಸಿರಲಿಲ್ಲ. ಕೈ ತಾನೇ ಅದುಮಿತು. ನೀರು ಮಿಡತೆಯ ಗಲ್ಲ ದಾಟಿ ಬಾಯಿಗೆ ನುಗ್ಗಿತು. ಹುಡುಗಿ ಕೆಮ್ಮಿದಳು. ಗೋಲಿ ತನ್ನ ಕೈ ನೋಡಿಕೊಂಡಳು. ಬೆಳ್ಳಗಿನ ಬೆರಳುಗಳು. ಅವುಗಳ ಕೆಳಗೆ ಒಂದು ಭುಜ ನಡುಗುತ್ತಿದೆ, ಆದರೆ ಬೆರಳಿಗೆ ಅದು ಗೊತ್ತೇ ಆಗುತ್ತಿಲ್ಲ. ಮರದ ತುಂಡು ಹಿಡಿದ ಹಾಗಿತ್ತು. ಅವಳಿಗೆ ಹೆದರಿಕೆಯಾಯಿತು. ತನ್ನನ್ನು ಹಿಡಿದವಳಿಗೂ ಹೀಗೇ ಆಗಿತ್ತೇನೋ. ಕೈ ಪಳಗಿತ್ತು.

ಅವಳು ಕಂಕುಳಿಗೆ ಕೈಹಾಕಿ ಮಿಡತೆಯನ್ನು ಎಳೆದು ಹೊರಗೆ ತಂದಳು. ಹುಡುಗಿ ನೆಲದ ಮೇಲೆ ಮುದುಡಿ ಕೂತಳು. ಗೋಲಿ ತನ್ನ ಕೋಟು ಹೊದಿಸಿದಳು.

ಬಾಚಣಿಗೆ ನಿಂತಿತು. ಯಾರೋ ಬಚ್ಚಲಿನ ಬಾಗಿಲು ಬಡಿದರು. ಕ್ಯಾಪ್ಟನ್ ಒದ್ದೆ ಕೂದಲಲ್ಲೇ ಬಂದಳು.

"ನಾನು ಏಳು ಅಂದ್ನಾ?"

"ಇಲ್ಲ" ಎಂದಳು ಗೋಲಿ.

"ಮತ್ತೆ?"

"ನಂಗೆ ಸಾಕಾಗಿದೆ."

"ಸಾಕಾಗಿದ್ಯಂತೆ!" ಕ್ಯಾಪ್ಟನ್ ಎಲ್ಲರ ಕಡೆ ತಿರುಗಿ ನಕ್ಕಳು. ಯಾರೋ ಒಬ್ಬಿಬ್ಬರು ಜೊತೆಗೂಡಿದರು. "ನಾವೆಲ್ಲ ಇಳಿದು ಎದ್ದೋರೇ ಕಣೇ. ಹಿರಿಯರಿಗೆ ಮರ್ಯಾದೆ ಕೊಡೋದು ಕಲೀದಿದ್ರೆ ತಂಡ ಅಂತ ಯಾಕೆ ಇರಬೇಕು?"

"ನೀವು ಯಾವಾಗ ಇಳಿದ್ರಿ?"

ಗೋಲಿ ಜೋರಾಗಿ ಕೇಳಲಿಲ್ಲ. ಜೋರು ಮಾಡುವ ಶಕ್ತಿಯೂ ಇರಲಿಲ್ಲ. "ನೀವು ಬಂದ ವರ್ಷ ಬಕೆಟ್ ನನ್ನ ಕೈಲೇ ಇತ್ತು. ನೀವು ಕಾಲುಬೆರಳು ಕೂಡ ಅದ್ದಿಲ್ಲ. ಮೊಣಕಾಲು ಅಂದ್ರಿ. ಈ ಡಾಕ್ಟರ ಮಗಳು ಇಳಿದಿದ್ದು ಹೊಸ ನೀರಿಗೆ. ಮಾವ ಮಂಡಳೀಲಿರೋಳಿಗೆ ಬಿಸಿನೀರು ಬೆರೆಸು ಅಂತ ನೀವೇ ಹೇಳಿದ್ರಿ, ಬೆರೆಸಿದೋಳು ನಾನು. ಈ ಕೊಳೇಲಿ ಕೂತೋರು ಯಾರ್ಯಾರು ಅಂತ ನಂಗೊತ್ತು. ಅವರ‍್ಯಾರೂ ಈಗ ಇಲ್ಲಿಲ್ಲ. ನಾನೊಬ್ಳು ಇದೀನಿ."

ಡಾಕ್ಟರ ಮಗಳು ನೆಲ ನೋಡಿದಳು.

"ಮಾತು ಜಾಸ್ತಿಯಾಯ್ತು" ಎಂದಳು ಕ್ಯಾಪ್ಟನ್. "ಕಲಿಸೋ ಕೆಲಸ ಮರ್ತುಬಿಡು."

ಗೋಲಿಗೆ ಅಮ್ಮನ ಅಂಗಾಲು ಕಣ್ಣಮುಂದೆ ಬಂತು. "ಆಯ್ತು" ಎಂದಳು.

ಕ್ಯಾಪ್ಟನ್ ಮಿಡತೆಯ ಕಡೆ ತಿರುಗಿದಳು. "ನೀನೇನಮ್ಮ? ಆಡ್ತೀಯಾ, ಇವಳ ಜೊತೆ ಚರಂಡಿ ಬಾಚೋಕೆ ಹೋಗ್ತೀಯಾ?"

ಅಂತೂ ಒಂಬತ್ತು ವರ್ಷದಿಂದ ತಂಡದ ಬಾಯೊಳಗೇ ಇದ್ದ ಮಾತು ಹೊರಗೆ ಬಂತು. ಮಿಡತೆ ಕೋಟು ಕೆಳಗೆ ಬಿಟ್ಟಳು. ಗೋಲಿಯ ಮುಖ ನೋಡಲಿಲ್ಲ. "ಅಕ್ಕಾ, ನಂಗೆ ಆಡ್ಬೇಕು" ಎಂದಳು. ತೊಟ್ಟಿಯ ಅಂಚು ಹಿಡಿದು, ನಡುಗುವ ಕಾಲನ್ನು ಎತ್ತಿ ಒಳಗಿಟ್ಟಳು. ಮತ್ತೆ ಕುತ್ತಿಗೆಯವರೆಗೆ ಮುಳುಗಿದಳು. ಈ ಸಲ ಭುಜ ಹಿಡಿಯಲು ಯಾರೂ ಬೇಕಾಗಲಿಲ್ಲ.

ಅದನ್ನು ನೋಡಿ ಗೋಲಿಗೆ ಅಳು ಬಂತು, ಸಿಟ್ಟೂ ಬಂತು. ಹುಡುಗಿಯ ಮೇಲೆ ಎಲ್ಲಿಂದ ಸಿಟ್ಟು ಮಾಡುವುದು? ತಾನೂ ಹೀಗೇ ಇಳಿದಿದ್ದಳು. ಅವಳು ಕಣ್ಣೊರಸಿಕೊಂಡು ಹಿರಿಯರ ಬೆಂಚಿನ ಹತ್ತಿರ ಹೋದಳು. ಕ್ಯಾಪ್ಟನ್ ಚೀಲ ಪಕ್ಕಕ್ಕೆ ಸರಿಸಿ ಕೂತಳು. ಬೆನ್ನನ್ನು ಗೋಡೆಗೆ ಕೊಟ್ಟಳು.

"ಏಯ್, ಅದು ಯಾರ ಜಾಗ?" ಎಂದಳು ಕ್ಯಾಪ್ಟನ್.

"ಹಿರಿಯರದ್ದು. ಈ ರೂಮಲ್ಲಿ ನನಗಿಂತ ಮುಂಚೆ ಬಂದೋರು ಯಾರಾದ್ರೂ ಇದ್ರೆ ಹೇಳಿ, ಎದ್ದೇಳ್ತೀನಿ."

ಅಂಥವರು ಯಾರೂ ಇರಲಿಲ್ಲ.

"ನಿನಗಿಂತ ನಾಲ್ಕು ವರ್ಷ ದೊಡ್ಡೋಳು ನಾನು" ಎಂದಳು ಗೋಲಿ. ಬಹುವಚನ ಬಿಟ್ಟಿದ್ದಳು. "ಇಷ್ಟು ವರ್ಷ ನಿನಗೆ ಅಕ್ಕ ಅಂದಿದೀನಿ. ತಂಡದ ಕಟ್ಟಳೇನೇ ಹೇಳ್ತೀನಿ ಕೇಳು. ಏಳು ಅನ್ನೋದು ಅತಿ ಹಿರಿಯಳು." ಆಮೇಲೆ ತೊಟ್ಟಿಯ ಕಡೆ ನೋಡಿದಳು. "ಏಳಮ್ಮ."

ಮಿಡತೆ ಕ್ಯಾಪ್ಟನ್ ಮುಖ ನೋಡಿದಳು, ಇವಳ ಮುಖ ನೋಡಿದಳು. ತುಟಿ ನೀಲಿಯಾಗಿತ್ತು.

"ಏಳು ಮಗಳೇ. ನನ್ನ ಕೈ ಹೋಯ್ತು. ನಿನ್ನ ಕಾಲಾದ್ರೂ ಉಳೀಲಿ."

ನೀರು ಸದ್ದಾಯಿತು. ಹುಡುಗಿ ಎದ್ದಳು. ಯಾರೋ ಟವೆಲ್ ಎಸೆದರು. ಡಾಕ್ಟರ ಮಗಳಿರಬೇಕು, ಗೋಲಿ ಸರಿಯಾಗಿ ನೋಡಲಿಲ್ಲ. ಕ್ಯಾಪ್ಟನ್ ಬಾಗಿಲು ಧಡಾರನೆ ಹಾಕಿಕೊಂಡು ಹೊರಗೆ ಹೋದಳು.

ಸೀಟಿಯ ಕೆಲಸ ಬೇರೆ ಯಾರಿಗೋ ಹೋಯಿತು. ಅಮ್ಮ ಒಂದು ದಿನ ಮಾತು ಬಿಟ್ಟಳು, ಮರುದಿನ ತಟ್ಟೆಗೆ ಊಟ ಹಾಕಿ ಮುಂದೆ ತಳ್ಳಿದಳು. ವರ್ಷ ಮುಗಿಯುವವರೆಗೆ ಕರಾರಿದ್ದದ್ದರಿಂದ ಗೋಲಿಯನ್ನು ತಂಡದಿಂದ ತಕ್ಷಣ ಕಿತ್ತುಹಾಕಲು ಆಗಲಿಲ್ಲ. ಅಭ್ಯಾಸದಲ್ಲಿ ಮಿಡತೆಗೆ ಯಾರೂ ಚೆಂಡು ಕೊಡಲಿಲ್ಲ. ಹುಡುಗಿ ಮೈದಾನವಿಡೀ ಓಡಿದಳು, ಕಾಲಿಗೆ ಬರಿ ಗಾಳಿಯೇ ಸಿಕ್ಕಿ ವಾಪಸು ಬಂದಳು. "ನಿನ್ನಿಂದಾನೇ ಅಕ್ಕಾ" ಎಂದಳು ಒಂದು ಸಲ. ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ.

ಒಂದು ಸಂಜೆ ಅಭ್ಯಾಸ ಮುಗಿಸಿ ಎಲ್ಲರೂ ಒಳಗೆ ಬಂದಾಗ ತೊಟ್ಟಿ ಖಾಲಿ ಇತ್ತು, ಗೋಲಿ ಅಂದು ಐಸು ತಂದಿರಲಿಲ್ಲ. ಬಕೆಟ್ ತೊಟ್ಟಿಯ ಪಕ್ಕ ಬೋರಲಾಗಿ ಬಿದ್ದಿತ್ತು. ಹಿರಿಯರು ಬೂಟು ಬಿಚ್ಚಿ ಕಾಯುತ್ತ ನಿಂತರು. ಕ್ಯಾಪ್ಟನ್ ಮಾಲೀಶಿನ ಹೆಂಗಸನ್ನು ನೋಡಿದಳು. "ಅದು ನನ್ನ ಕೆಲಸ ಅಲ್ಲ" ಎಂದಳು ಅವಳು. ಕ್ಯಾಪ್ಟನ್ ಮಿಡತೆಯನ್ನು ನೋಡಿದಳು.

"ಬಕೆಟ್ ತಗೊ" ಎಂದಳು. "ನಾಳೆಯಿಂದ ಚೆಂಡು ಸಿಗುತ್ತೆ."

ಮಿಡತೆ ಬಕೆಟ್ ನೋಡಿದಳು. ಗೋಲಿ ಗೋಡೆಬದಿಯ ಬೆಂಚಿನಲ್ಲಿ ಕೂತಿದ್ದಳು. ಅವಳು ತನ್ನ ಬೂಟಿನ ದಾರ ಬಿಚ್ಚುತ್ತಿದ್ದಳು. ಈ ಸಲದ ತೀರ್ಮಾನ ಹುಡುಗಿಗೇ ಬಿಟ್ಟದ್ದು. ಮಿಡತೆ "ಆಗಲ್ಲ" ಎಂದಳು, ಬಲು ಸಣ್ಣ ದನಿಯಲ್ಲಿ. ಬಂದು ಗೋಲಿಯ ಪಕ್ಕ ಕೂತು ಬೂಟಿನ ದಾರ ಬಿಚ್ಚತೊಡಗಿದಳು.

ಆ ದಿನ ಯಾರೂ ಐಸು ತರಲಿಲ್ಲ. ತಂಡದ ಅಷ್ಟೂ ಜನ ಊದಿದ ಕಾಲು ಎಳೆದುಕೊಂಡೇ ಮನೆಗೆ ಹೋದರು. ಗೋಲಿ ಒಂಬತ್ತು ವರ್ಷದಿಂದ ಹಾಗೇ ಹೋಗುತ್ತಿದ್ದಳು.